ಅಲ್ಲೊಬ್ಬರು ಕಾಯುತ್ತಿದ್ದಾರೆ

ನನ್ನ ಅಲಮಾರಿಯ ಮೇಲಿನ ಖಾನೆಯಲ್ಲಿ ಒಂದು ಕ್ಯಾಸೆಟ್ಟಿದೆ. ಅದರ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಇವತ್ತಿಗೂ ಹರಿದಿಲ್ಲ. ಬ್ಯಾಂಕಿನ ನೌಕರಿ ಸಿಕ್ಕ ಹೊಸತರಲ್ಲಿ, ಎರಡನೆಯ ತಿಂಗಳ ಸಂಬಳದಲ್ಲಿ ಟೇಪ್ ರೆಕಾರ್ಡರ್ ಕೊಂಡಾಗ ಜೊತೆಗೆ ತಂದದ್ದು. ಭೀಮಾ ತೀರದ ನಮ್ಮೂರಿನಲ್ಲಿ ಅವ್ವ ನಸುಕಿನಲ್ಲೇ ಎದ್ದು, ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ಜೋಳ ಬೀಸುತ್ತ ಹಾಡುತ್ತಿದ್ದಳು. ಆ ಹಾಡು ಕೇಳುತ್ತಲೇ ನಾನು ಕೌದಿಯೊಳಗೆ ದಿನವೂ ಕಣ್ಣು ಬಿಡುತ್ತಿದ್ದೆ. ನೌಕರಿಗೆ ಸೇರುವ ಹೊತ್ತಿಗೆ ಊರಿಗೆ ಗಿರಣಿ ಬಂದು ಬೀಸುಕಲ್ಲು ಹಿತ್ತಲು ಸೇರಿತ್ತು. ಪದಗಳು ಮಾತ್ರ ಅವಳ ನಾಲಗೆಯ ಮೇಲೇ ಇದ್ದವು. ಅವನ್ನೆಲ್ಲ ತುಂಬಿಟ್ಟುಕೊಳ್ಳಬೇಕು, ಒಂದೂ ಬಿಡಬಾರದು ಎಂಬುದು ನನ್ನ ಕನಸಾಗಿತ್ತು. ಈ ಪಂಚಮಿಗೆ ಹೋದಾಗ ಎಂದುಕೊಂಡೆ. ಅಷ್ಟರಲ್ಲಿ ಬಡ್ತಿಯ ಪರೀಕ್ಷೆ ಬಂತು, ವರ್ಗಾವಣೆ ಬಂತು, ಸೈಟಿನ ಕಂತು ಬಂತು, ಮಗನ ಎಸ್ಸೆಸ್ಸೆಲ್ಸಿ ಬಂತು. ಪ್ರತಿ ಸಲವೂ ಊರಿಗೆ ಹೋದೆ, ಪ್ರತಿ ಸಲವೂ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆಮೇಲೆ ನೋಡೋಣ ಎಂದೆ. ಅವ್ವ ಹೋಗಿ ಇಪ್ಪತ್ತು ವರ್ಷ ಕಳೆಯಿತು. ಕ್ಯಾಸೆಟ್ಟು ಇನ್ನೂ ಹೊಸದಾಗಿಯೇ ಇದೆ.

ಇದನ್ನು ನಿಮ್ಮ ಮರುಕಕ್ಕಾಗಿ ಹೇಳುತ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದೆ ಎಂದು ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ನಿಮ್ಮದು ಕ್ಯಾಸೆಟ್ ಆಗಿರಲಿಕ್ಕಿಲ್ಲ. ಮೊದಲ ನಾಲ್ಕು ಪುಟ ಬರೆದು ನಿಂತ ನೋಟುಬುಕ್ ಇರಬಹುದು. ಊರಿನ ಶಾಲೆಯ ಒಂದು ಕೋಣೆಯಲ್ಲಿ ಪುಸ್ತಕ ಮನೆ ಮಾಡಬೇಕೆಂದು ಹತ್ತು ವರ್ಷದಿಂದ ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಡುತ್ತ ಬಂದ ಪುಸ್ತಕಗಳಿರಬಹುದು. ಜಾಲಿ ಬೆಳೆದು ಮುಚ್ಚಿಹೋದ ಊರ ಕೆರೆಯ ಬಗ್ಗೆ ಯಾರೂ ಕೇಳದ ಒಂದು ಅರ್ಜಿಯ ಕರಡಿರಬಹುದು. ಡಾಕ್ಟರಾದ ದಿನ ತಾಲ್ಲೂಕಿನ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕೂರುತ್ತೇನೆಂದು ಮನಸ್ಸಿನಲ್ಲೇ ಆಡಿಕೊಂಡ ಮಾತಿರಬಹುದು. ಮನೆಗೆಲಸಕ್ಕೆ ಬರುವವಳ ಮಗಳಿಗೆ ಸಂಜೆ ಒಂದು ತಾಸು ಗಣಿತ ಹೇಳಿಕೊಡಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿರಬಹುದು. ನಿಮ್ಮ ಕನಸು ಯಾವುದೆಂದು ನನಗೆ ತಿಳಿಯದು. ನಿಮಗೆ ತಿಳಿದಿದೆ. ಈ ಸಾಲು ಓದುತ್ತಿರುವಾಗಲೇ ಅದು ನಿಮ್ಮೊಳಗೆ ಒಮ್ಮೆ ಮಗ್ಗುಲು ಬದಲಿಸಿತು.

ಅದನ್ನು ನೀವು ಕೊಂದಿಲ್ಲ. ಆಮೇಲೆ ನೋಡೋಣ ಎಂದು ಮಲಗಿಸಿದ್ದೀರಿ, ಅಷ್ಟೇ.

ನಮ್ಮ ಕನ್ನಡದಲ್ಲಿ ಈ "ನೋಡೋಣ" ಎಂಬುದು ಎಷ್ಟು ಮೆತ್ತಗಿನ ಮಾತು ನೋಡಿ! ಇಲ್ಲ ಎಂದರೆ ಎದುರಿನವರಿಗೆ ನೋವಾಗುತ್ತದೆ, ಆಗಲಿ ಎಂದರೆ ನಮ್ಮ ಮೇಲೆ ಭಾರ ಬೀಳುತ್ತದೆ. ನೋಡೋಣ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಹಾಗೆಂದು ನಾನೂ ನಂಬಿದ್ದೆ. ನನ್ನ ಕನಸು, ನನ್ನ ಮರೆವು, ನಷ್ಟವಾದರೆ ನನಗೆ ಒಬ್ಬಳಿಗೇ ಎಂದುಕೊಂಡಿದ್ದೆ. ನನ್ನ ಬದುಕಿನ ದೊಡ್ಡ ತಪ್ಪು ಅದೇ. ಕನಸು ನಮ್ಮದಾಗಿದ್ದರೂ ಅದರ ಇನ್ನೊಂದು ತುದಿ ನಮ್ಮ ಕೈಯಲ್ಲಿರುವುದಿಲ್ಲ. ಆ ತುದಿಯನ್ನು ಹಿಡಿದು ಅಲ್ಲೊಬ್ಬರು ಕಾಯುತ್ತಿರುತ್ತಾರೆ. ಅವರಿಗೆ ನಮ್ಮ ಹೆಸರು ಗೊತ್ತಿರುವುದಿಲ್ಲ, ತಾವು ಕಾಯುತ್ತಿದ್ದೇವೆ ಎಂಬುದೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದಕ್ಕೇ ಅವರು ಬಂದು ನಮ್ಮ ಬಾಗಿಲು ಬಡಿಯುವುದಿಲ್ಲ.

ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರ ಕಥೆ ನಿಮಗೆ ಗೊತ್ತಿದೆ. ವಿದೇಶಿ ಪ್ರವಾಸಿಗರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲು ಅವರಿಗೆ ಭಾಷೆ ಬರಲಿಲ್ಲ. ಅಂಥ ಅವಮಾನ ನಮ್ಮಲ್ಲಿ ಎಷ್ಟು ಜನಕ್ಕೆ ಆಗಿಲ್ಲ! ಆ ರಾತ್ರಿ ನಾವಾದರೆ ನಮ್ಮ ಹಣೆಬರಹ ಎಂದು ಮಲಗುತ್ತಿದ್ದೆವು. ತುಸು ಹುರುಪಿದ್ದರೆ ನಾಲ್ಕು ಇಂಗ್ಲಿಷ್ ಮಾತು ಕಲಿಯುತ್ತಿದ್ದೆವು. ಅವರು ತಮ್ಮೂರು ನ್ಯೂಪಡ್ಪುವಿನ ಮಕ್ಕಳನ್ನು ನೆನೆದರು. ಅಲ್ಲಿ ಶಾಲೆ ಇರಲಿಲ್ಲ. ತನಗೆ ಆದದ್ದು ಈ ಮಕ್ಕಳಿಗೆ ಆಗಬಾರದು ಎಂದು, ದಿನದ ಗಳಿಕೆಯಲ್ಲಿ ಪುಡಿಗಾಸು ಉಳಿಸುತ್ತ, ಕಚೇರಿಯಿಂದ ಕಚೇರಿಗೆ ಅಲೆಯುತ್ತ, ಮದರಸಾದ ಜಾಗದಲ್ಲಿ 28 ಮಕ್ಕಳಿಂದ ಶುರುಮಾಡಿ, ಕೊನೆಗೊಂದು ಸರ್ಕಾರಿ ಶಾಲೆಯನ್ನೇ ಊರಿಗೆ ತಂದರು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಅವರು ಬರಿಗಾಲಲ್ಲಿ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿ ಕಣ್ಣೊರೆಸಿಕೊಂಡೆವು. ನಿಮ್ಮ ಕಣ್ಣೀರು ಸುಳ್ಳಲ್ಲ. ಆದರೆ ಆ ಕಣ್ಣೀರಿನ ಮರುದಿನ ನಾವೇನು ಮಾಡಿದೆವು? ಒಂದು ಕ್ಷಣ ಆ ಕಥೆಯನ್ನು ತಿರುಗಿಸಿ ನೋಡಿ. ಕಿತ್ತಳೆ ಬುಟ್ಟಿಯ ಆ ಮನುಷ್ಯ ಅಂದು ರಾತ್ರಿ, ಆಮೇಲೆ ನೋಡೋಣ ಎಂದು ಮಲಗಿದ್ದರೆ? ಯಾವ ಪತ್ರಿಕೆಯಲ್ಲೂ ಸುದ್ದಿಯಾಗುತ್ತಿರಲಿಲ್ಲ. ಯಾರೂ ಅವರನ್ನು ತಪ್ಪಿತಸ್ಥರೆನ್ನುತ್ತಿರಲಿಲ್ಲ. ಓದು ಬರಹವಿಲ್ಲದೆ ಬೆಳೆದ ಆ ಮಕ್ಕಳು ಕೂಲಿಗೋ ಬೀಡಿ ಕಟ್ಟಲಿಕ್ಕೋ ಸುಮ್ಮನೆ ಹೋಗುತ್ತಿದ್ದರು. ತಮಗೇನು ಸಿಗದೆ ಹೋಯಿತೆಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ "ಆಮೇಲೆ"ಯಿಂದ ಆಗುವ ಅನ್ಯಾಯಕ್ಕೆ ಸಾಕ್ಷಿಯಿಲ್ಲ, ದೂರಿಲ್ಲ, ರಕ್ತದ ಕಲೆಯಿಲ್ಲ. ಅದಕ್ಕೇ ಅದು ನಮ್ಮ ನಿದ್ದೆ ಕೆಡಿಸುವುದಿಲ್ಲ.

ನಮ್ಮೂರ ಸೀಮೆಗೇ ಬನ್ನಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ನೂರು ವರ್ಷದ ಹಿಂದೆ ಕೆಲವು ಗೆಳೆಯರಿದ್ದರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಹಳ್ಳಿಯ ತರುಣರು. ಕೈಯಲ್ಲಿ ದುಡ್ಡಿಲ್ಲ, ಬೆನ್ನ ಹಿಂದೆ ವಿಶ್ವವಿದ್ಯಾಲಯವಿಲ್ಲ, ಕ್ಯಾಸೆಟ್ಟಂತೂ ಕನಸಿನಲ್ಲೂ ಇಲ್ಲ. ಹೆಂಗಸರು ಬೀಸುವಾಗ, ಕುಟ್ಟುವಾಗ, ಮದುವೆಯ ಚಪ್ಪರದಲ್ಲಿ, ತೊಟ್ಟಿಲ ಮುಂದೆ ಹಾಡುತ್ತಿದ್ದ ಪದಗಳನ್ನು ಅವರು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಂಡರು. ಓದಿದವರು ಆ ಹಾಡುಗಳನ್ನು ಹಾಡೆಂದೇ ಲೆಕ್ಕಕ್ಕೆ ಹಿಡಿಯದ ಕಾಲ ಅದು. ಹೆಂಗಸರ ಪದಗಳ ಹಿಂದೆ ಬಿದ್ದ ಗಂಡಸರು ಎಂದು ಊರು ನಗಬಹುದಿತ್ತು. ನಾಳೆ ಬರೆದುಕೊಂಡರಾಯಿತು, ಹಾಡುವವರು ಎಲ್ಲಿ ಹೋಗುತ್ತಾರೆ ಎನ್ನಬಹುದಿತ್ತು. ಎನ್ನಲಿಲ್ಲ. 1931ರಲ್ಲಿ "ಗರತಿಯ ಹಾಡು" ಹೊರಬಂತು. ತವರಿನ ಹಂಬಲ, ಬಂಜೆಯ ಸಂಕಟ, ಅಣ್ಣನ ಮೇಲಿನ ಮಮತೆ, ಸವತಿಯ ಉರಿ, ಕೂಸಿನ ನಗು: ಅಕ್ಷರ ಬಾರದ, ಹೆಸರೂ ಉಳಿಯದ ಸಾವಿರಾರು ತಾಯಂದಿರ ಒಡಲ ಮಾತು ಕನ್ನಡದ ಆಸ್ತಿಯಾಯಿತು. ಆ ಹಾಡು ಕಟ್ಟಿದ ತಾಯಂದಿರಲ್ಲಿ ಒಬ್ಬಳೂ ನನ್ನ ಹಾಡು ಬರೆದುಕೊಳ್ಳಿ ಎಂದು ಕೇಳಿದವಳಲ್ಲ. ಅವಳು ಬೀಸುತ್ತಿದ್ದಳು, ಅಷ್ಟೇ. ಅಲ್ಲೊಬ್ಬಳು ಕಾಯುತ್ತಿದ್ದಾಳೆ ಎಂದು ಆ ಗೆಳೆಯರಿಗೆ ಹೇಗೋ ಕೇಳಿಸಿತು.

ಅದೇ ಸೀಮೆಯಲ್ಲಿ ಹುಟ್ಟಿ, ಅದೇ ಪದಗಳ ನಡುವೆ ಬೆಳೆದು, ಕೈಯಲ್ಲಿ ಟೇಪ್ ರೆಕಾರ್ಡರ್ ಹಿಡಿದಿದ್ದ ನನಗೆ ಕೇಳಿಸಲಿಲ್ಲ.

ನೀವು ಹೇಳುವುದು ನನಗೆ ತಿಳಿಯದ ಮಾತಲ್ಲ. ಮನೆಯ ಸಾಲವಿದೆ. ಅಪ್ಪನಿಗೆ ಡಯಾಲಿಸಿಸ್ ಇದೆ. ಮಗಳ ಮದುವೆಯೊಂದು ಆಗಿಬಿಟ್ಟರೆ ಸಾಕು. ರಿಟೈರ್ ಆದಮೇಲೆ ಇರುವುದೇ ಅದಕ್ಕೆ. ಇವು ನೆಪಗಳಲ್ಲ, ನಿಜವಾದ ಭಾರಗಳು. ಈ ಭಾರ ಹೊತ್ತ ನಿಮ್ಮನ್ನು ಸ್ವಾರ್ಥಿಗಳೆನ್ನಲು ನನಗೆ ಬಾಯಿಲ್ಲ. ಮನೆ ಮಂದಿಯನ್ನು ನೆಳಲಲ್ಲಿ ಇರಿಸುವುದು ಸಣ್ಣ ಧರ್ಮವಲ್ಲ. ನೌಕರಿ ಬಿಡಿ, ಮನೆ ಮಾರಿ, ಹೆಂಡತಿ ಮಕ್ಕಳನ್ನು ಬೀದಿಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಯಾರಾದರೂ ಹಾಗೆ ಕೇಳಿದರೆ ನೀವು ಕೇಳಬೇಡಿ. ಆದರೆ ಒಂದು ಮಾತು ಗಮನಿಸಿ. ಹಾಜಬ್ಬನವರು ಕಿತ್ತಳೆ ಮಾರುವುದನ್ನು ಬಿಟ್ಟು ಶಾಲೆ ಕಟ್ಟಲಿಲ್ಲ, ಕಿತ್ತಳೆ ಮಾರುತ್ತಲೇ ಕಟ್ಟಿದರು. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಹಗಲೆಲ್ಲ ಬೇರೆಯವರ ಅಡಿಕೆ ತೋಟದಲ್ಲಿ ದುಡಿದು ಬಂದು, ಉಳಿದ ಹೊತ್ತಿನಲ್ಲಿ ತಮ್ಮ ಬೋಳುಗುಡ್ಡದ ಒಡಲಿಗೆ ಸುರಂಗ ಕೊರೆಯುತ್ತಿದ್ದರು. ಒಬ್ಬರೇ, ದೀಪದ ಬೆಳಕಿನಲ್ಲಿ, ಬಗ್ಗಿದ ಬೆನ್ನಿನಲ್ಲಿ. ಒಂದು ಸುರಂಗದಲ್ಲಿ ನೀರು ಬರಲಿಲ್ಲ, ಇನ್ನೊಂದು ಕೊರೆದರು, ಅದೂ ಒಣಗಿತ್ತು, ಮತ್ತೊಂದು, ಅದೂ. ವರ್ಷಗಳು ಹೋದವು. ಊರವರಿಗೆ ಅದು ಹುಚ್ಚಿನ ಕೆಲಸವಾಗಿ ಕಂಡಿತು. ಕೊನೆಗೊಂದು ದಿನ ಬಂಡೆಯ ಬಿರುಕಿನಿಂದ ನೀರು ಒಸರಿತು, ಬೋಳುಗುಡ್ಡ ಅಡಿಕೆ ತೋಟವಾಯಿತು, 2022ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. ಆ ಪದಕಕ್ಕಿಂತ ನನಗೆ ಮುಖ್ಯವೆನಿಸುವುದು ಒಣಗಿದ ಸುರಂಗಗಳು. ಬೆಳಿಗ್ಗೆ ಎದ್ದು ಕೂಲಿಗೆ ಹೋಗಲೇಬೇಕಿದ್ದ ಮನುಷ್ಯ, ನಿನ್ನೆಯ ಸೋಲನ್ನು ಬೆನ್ನ ಮೇಲೆ ಹೊತ್ತು, ಸಂಜೆ ಮತ್ತೆ ಪಿಕಾಸಿ ಎತ್ತಿಕೊಳ್ಳುವ ಆ ಕ್ಷಣ. ಅವರಿಗಿಂತ ನಮಗೆ ಬಿಡುವು ಕಡಿಮೆಯೇ? ಅವರಿಗಿಂತ ನಮ್ಮ ನೆಲ ಗಟ್ಟಿಯೇ?

ನಿಮ್ಮನ್ನು ತಡೆದಿರುವುದು ಭಾರವಲ್ಲ ಎಂದು ನನಗನ್ನಿಸುತ್ತದೆ. ಭಾರ ಹೊತ್ತವರು ನಡೆಯುತ್ತಾರೆ. ನಮ್ಮನ್ನು ತಡೆದಿರುವುದು ಅಂಜಿಕೆ. ಮಾಡಿ ಕೆಟ್ಟರೆ? ನಾಲ್ಕು ಜನ ನಕ್ಕರೆ? ಈ ವಯಸ್ಸಿನಲ್ಲಿ ಇವಳಿಗೇಕೆ ಇದೆಲ್ಲ ಎಂದರೆ? ನಗುವವರು ಇರುತ್ತಾರೆ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಜನ ಬರಿಯ ನಗೆಯಲ್ಲಿ ನಿಲ್ಲಲಿಲ್ಲ. ಅವರದೇ ಜಾತಿ ಅವರನ್ನು ಹೊರಗಿಟ್ಟಿತು. ಒಳ್ಳೆಯ ವೃತ್ತಿ, ಮರ್ಯಾದೆಯ ಮನೆತನ, ಸುಮ್ಮನಿದ್ದರೆ ಊರೆಲ್ಲ ಕೈಮುಗಿಯುವ ಬದುಕು. ಎಲ್ಲಕ್ಕೂ ನಾಳೆ ಇದೆ, ಸಮಾಜ ಮೊದಲು ತುಸು ಬದಲಾಗಲಿ, ಆಮೇಲೆ ನೋಡೋಣ ಎನ್ನಲು ಅವರಿಗಿದ್ದಷ್ಟು ಕಾರಣ ನಮಗೆ ಯಾರಿಗೂ ಇಲ್ಲ. ಆದರೆ ದಾರಿಯಲ್ಲಿ ನಡೆಯಲಿಕ್ಕೂ ಅಂಜಬೇಕಾಗಿದ್ದ ಒಂದು ಮಗು ಸಮಾಜ ಬದಲಾಗುವವರೆಗೆ ಕಾದರೆ ಅದರ ಬಾಲ್ಯವೇ ಮುಗಿದುಹೋಗುತ್ತದೆ ಎಂಬುದು ಅವರಿಗೆ ಕಂಡಿತು. ಐದೇ ವರ್ಷದಲ್ಲಿ, 1897ರಲ್ಲಿ, ಅದೇ ಕೆಲಸಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. ಬಾಗಿಲು ಮುಚ್ಚಿದ ಮನೆಗಳನ್ನು ಅವರು ಲೆಕ್ಕ ಹಾಕಲಿಲ್ಲ. ಅವರ ಲೆಕ್ಕದಲ್ಲಿದ್ದದ್ದು ಕಾಯುತ್ತಿದ್ದ ಮಕ್ಕಳು.

ಕಾಯುವವರಿಗೆ "ಆಮೇಲೆ" ಎಂಬುದಿಲ್ಲ. ಇದೊಂದು ಮಾತು ನಿಮ್ಮ ಎದೆಗೆ ಇಳಿದರೆ ನಾನು ಬರೆದದ್ದು ಸಾರ್ಥಕ. ನಮಗೆ ಮುಂದಿನ ಪಂಚಮಿ ಇದೆ, ಮುಂದಿನ ಬಡ್ತಿಯಿದೆ, ರಿಟೈರ್ಮೆಂಟ್ ಇದೆ. ಏಳನೆಯ ತರಗತಿಗೇ ಶಾಲೆ ಬಿಟ್ಟು ಹೊಲಕ್ಕೆ ಹೊರಟಿರುವ ಹುಡುಗಿಗೆ ಮುಂದಿನ ವರ್ಷ ಎಂಬುದಿಲ್ಲ. ಮುಂದಿನ ವರ್ಷ ಅವಳಿಗೆ ಗಂಡು ನೋಡುತ್ತಿರುತ್ತಾರೆ. ನೆನಪು ಮಾಸುತ್ತಿರುವ ಮುದುಕಿಗೆ ಮುಂದಿನ ಸುಗ್ಗಿ ಎಂಬುದಿಲ್ಲ. ಅವಳ ಜೊತೆ ಮುನ್ನೂರು ಪದ ಮಣ್ಣಾಗುತ್ತವೆ, ಮಣ್ಣಾದವೆಂದು ಯಾರಿಗೂ ತಿಳಿಯುವುದಿಲ್ಲ. ಹೂಳು ತುಂಬಿದ ಕೆರೆಗೆ ಬಾಯಿಲ್ಲ; ಅದರ ದಂಡೆಗೆ ಬಂದು ನೀರು ಕಾಣದೆ ಹಿಂದಿರುಗುವ ದನಕ್ಕೂ ಬಾಯಿಲ್ಲ. ಸಂಜೆಯ ಒಂದು ತಾಸಿಗಾಗಿ ಕಾಯುತ್ತಿರುವ ನಿಮ್ಮ ಮನೆಗೆಲಸದವಳ ಮಗಳು ನಿಮ್ಮನ್ನು ಕಂಡಾಗ ನಗುತ್ತಾಳೆ, ಕೇಳುವುದಿಲ್ಲ. ಕೇಳಲಾರದವರು ಕೇಳಲಿ ಎಂದು ನಾವು ಕಾಯುತ್ತಿದ್ದೇವೆ. ನಾವು ಬಂದೇವೆಂದು ಅವರು ಕಾಯುತ್ತಿದ್ದಾರೆ. ಎರಡೂ ಕಡೆ ಕಾಯುತ್ತ ಕಾಯುತ್ತ ನಡುವೆ ಒಂದು ಜನ್ಮ ಕಳೆದುಹೋಗುತ್ತದೆ.

ಇನ್ನೂ ಒಬ್ಬರು ಕಾಯುತ್ತಿದ್ದಾರೆ, ಅವರು ನಿಮ್ಮ ಮನೆಯಲ್ಲೇ ಇದ್ದಾರೆ. ನಿಮ್ಮ ಮಕ್ಕಳು. ಹೆದರಬೇಡ, ನಿನ್ನ ಮನಸ್ಸಿಗೆ ಬಂದದ್ದು ಮಾಡು ಎಂದು ನಾವು ಅವರಿಗೆ ಬಾಯಲ್ಲಿ ಹೇಳುತ್ತೇವೆ. ಆದರೆ ಮಕ್ಕಳು ಕಿವಿಯಿಂದ ಕಲಿಯುವುದು ಕಡಿಮೆ, ಕಣ್ಣಿಂದ ಕಲಿಯುವುದೇ ಹೆಚ್ಚು. ಅಟ್ಟದ ಮೇಲೆ ಧೂಳು ಹಿಡಿದ ಅಪ್ಪನ ತಬಲಾವನ್ನು ಅವರು ನೋಡಿದ್ದಾರೆ. ಅಮ್ಮ ಅಡುಗೆಯ ನಡುವೆ ಕ್ಯಾಲೆಂಡರಿನ ಹಿಂದೆ ಎರಡು ಸಾಲು ಬರೆದು, ಯಾರೋ ಬಂದರೆಂದು ಮುಚ್ಚಿಟ್ಟದ್ದನ್ನು ನೋಡಿದ್ದಾರೆ. ಮನೆ, ಸೈಟು, ಚಿನ್ನದ ಜೊತೆಗೆ ನಮ್ಮ ಅಂಜಿಕೆಯನ್ನೂ ನಾವು ಅವರ ಹೆಸರಿಗೆ ಬರೆದಿಡುತ್ತಿದ್ದೇವೆ. ನಾಳೆ ಅವರೂ ತಮ್ಮ ಕನಸಿನ ಮುಂದೆ ನಿಂತು, ನಮ್ಮದೇ ದನಿಯಲ್ಲಿ, ಆಮೇಲೆ ನೋಡೋಣ ಎನ್ನುತ್ತಾರೆ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ದೊಡ್ಡದೇನನ್ನೂ ಕೇಳುವುದಿಲ್ಲ. ಇವತ್ತು ಸಂಜೆ ಆ ಪೆಟ್ಟಿಗೆಯನ್ನು ಅಟ್ಟದಿಂದ ಕೆಳಗಿಳಿಸಿ. ಆ ನೋಟುಬುಕ್ಕಿನ ಐದನೆಯ ಪುಟದಲ್ಲಿ ಒಂದು ಸಾಲು ಬರೆಯಿರಿ. ಕೆಟ್ಟದಾಗಿಯೇ ಇರಲಿ, ಬರೆಯಿರಿ. ಊರ ಶಾಲೆಯ ಮೇಷ್ಟ್ರಿಗೆ ಫೋನು ಮಾಡಿ, ಮುಂದಿನ ಶನಿವಾರ ಬರುತ್ತೇನೆ ಎನ್ನಿ, ಶನಿವಾರ ಹೋಗಿ. ಆ ಹುಡುಗಿಯನ್ನು ಕೂರಿಸಿಕೊಂಡು ಒಂದು ಲೆಕ್ಕ ಹೇಳಿಕೊಡಿ. ಮೊದಲ ಸುರಂಗದಲ್ಲಿ ನೀರು ಬರಲಿಕ್ಕಿಲ್ಲ, ಎರಡನೆಯದರಲ್ಲೂ ಬರಲಿಕ್ಕಿಲ್ಲ. ಆದರೂ ಪಿಕಾಸಿ ಎತ್ತಿಕೊಳ್ಳಿ. ನೀವು ಒಳ್ಳೆಯವರು ಎಂದು ನನಗೆ ಗೊತ್ತು. ಬೇರೆಯವರ ಕಷ್ಟ ಕಂಡರೆ ನಿಮ್ಮ ಕರುಳು ಚುರುಕ್ ಎನ್ನುತ್ತದೆ. ಆ ಕರುಳಿನ ಮಾತನ್ನು ಕೈಕಾಲಿಗೆ ತಲುಪಿಸಿ, ಇಷ್ಟೇ ನನ್ನ ಬೇಡಿಕೆ.

ಹೋದ ಪಂಚಮಿಗೆ ನಾನು ಊರಿಗೆ ಹೋಗಿದ್ದೆ. ಅವ್ವನ ಜೊತೆ ಬೀಸುಕಲ್ಲಿಗೆ ಎದುರುಬದುರು ಕೂರುತ್ತಿದ್ದ ಗೆಳತಿಯೊಬ್ಬಳು ಇನ್ನೂ ಇದ್ದಾಳೆ. ನಾವು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆವು. ಕಣ್ಣು ಮಂಜಾಗಿದೆ, ಹಲ್ಲಿಲ್ಲ. ಮೊಬೈಲನ್ನು ಅವಳ ಮುಂದಿಟ್ಟು, ಅವ್ವನೂ ನೀನೂ ಹಾಡುತ್ತಿದ್ದ ಪದ ಹಾಡು ದೊಡ್ಡವ್ವಾ ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. "ಇಷ್ಟು ದಿನಾ ಎಲ್ಲಿ ಹೋಗಿದ್ದಿ ತಂಗಿ?" ಎಂದಳು. ಬೈಗುಳವಲ್ಲ ಅದು, ಸಿಟ್ಟೂ ಅಲ್ಲ. ನಿಜಕ್ಕೂ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಕಣ್ಣು ಮುಚ್ಚಿ, ಇಲ್ಲದ ಬೀಸುಕಲ್ಲಿನ ಗೂಟವನ್ನು ಹಿಡಿದಂತೆ ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತ ಹಾಡಿದಳು. ಕೈ ತಿರುಗಿದಷ್ಟು ಪದ ಬಂತು. ಹನ್ನೊಂದು ಪದ. ಹನ್ನೆರಡನೆಯದರ ನಡುವೆ ಕೈ ನಿಂತಿತು. "ಮುಂದಿಂದು ನೆನಪಾಗವಲ್ದು, ನಾಳೆ ಬಾ" ಎಂದಳು.

ಸಂಜೆಯ ಬಸ್ಸಿಗೆ ನನ್ನ ಸೀಟು ಕಾದಿರಿಸಿಯಾಗಿತ್ತು. ಬೆಂಗಳೂರಿನಲ್ಲಿ ಕೆಲಸಗಳಿದ್ದವು. ಬಾಯಿಗೆ ಹಳೆಯ ಮಾತೇ ಬಂತು, ನುಂಗಿಕೊಂಡೆ.

ಬಸ್ಸು ಹೋಯಿತು. ನಾನು ಉಳಿದೆ.